ಅವಳ ಕಥೆಯಲ್ಲಿ ಅವಳೇ ಇಲ್ಲ

ಗೆಳೆಯರೇ, ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಪೋಸ್ಟ್ ಒಂದು ಗೇಮ್ ಬಗ್ಗೆ. ಅದೂ ಇಂಗ್ಲಿಷಿನಲ್ಲಿ ಬರೆದಿರೋ, ಜಪಾನಿನ ಕಾರ್ಟೂನ್ ಥರದ ಚಿತ್ರಗಳಿರೋ, ಸ್ಕೂಲ್ ಹುಡುಗ ಹುಡುಗಿಯರ ಪ್ರೇಮದ ಗೇಮ್. ನಗೋರು ನಕ್ಕುಬಿಡಿ. "ಅಣ್ಣಾ, ದೌರ್ಜನ್ಯ ಕೇಸಿನ ಫೈಲುಗಳು ಮೇಜಿನ ಮೇಲೆ ಬಿದ್ದಿವೆ, ಹಾಸ್ಟೆಲ್ ಹುಡುಗರು ಊಟ ಸರಿಯಿಲ್ಲ ಅಂತ ಫೋನ್ ಮಾಡ್ತಿದ್ದಾರೆ, ನೀನು ರಾತ್ರಿ ಕೂತು ಗೇಮ್ ಆಡ್ತಿದೀಯಾ?" ಅಂತ ಕೇಳೋರು ಬಂದೇ ಬರ್ತಾರೆ. ಬನ್ನಿ. ಆದರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

ಇನ್ನೊಂದು ಥರದ ಜನಾನೂ ಇದಾರೆ. "ನಿಮಗ್ಯಾಕೆ ಇದೆಲ್ಲ? ನಿಮ್ಮ ಜನರ ನೋವಿನ ಬಗ್ಗೆ ಬರೀರಿ, ಚೆನ್ನಾಗಿ ಬರೀತೀರಿ" ಅನ್ನೋರು. ಅಂದರೆ ನಮ್ಮ ಪಾಲಿಗೆ ನೋವು, ಉಳಿದವರ ಪಾಲಿಗೆ ವಿಮರ್ಶೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಏನಾಯ್ತು ಅಂತ ನಿಮಗೆ ಗೊತ್ತಿದೆ. ಅವರ ಮಂತ್ರಿಗಿರಿ ಹೋಯ್ತು. ಆ ಮಾತು ಸರಿಯೋ ತಪ್ಪೋ ಅನ್ನೋದಕ್ಕಿಂತ, ಇದನ್ನ ಹೇಳೋಕೆ ಇವನ್ಯಾರು ಅನ್ನೋದೇ ದೊಡ್ಡ ಗಲಾಟೆಯಾಯ್ತು. ಹಾಗಾಗಿ ಒಂದು ಬರಹ ಓದಿ, ಇದು ಕೆಟ್ಟ ಬರಹ ಅಂತ ಹೇಳೋ ಹಕ್ಕನ್ನ ನಾನು ಯಾರಿಗೂ ಬಿಟ್ಟುಕೊಡಲ್ಲ. ಅದು ಕಾದಂಬರಿಯಾಗಲಿ, ಸಿನಿಮಾ ಆಗಲಿ, ಗೇಮ್ ಆಗಲಿ.

ವಿಷಯಕ್ಕೆ ಬರ್ತೀನಿ.

ನಮ್ಮ ಅಕ್ಕನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಲ್ಲ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕಲ್ಲ. ಈಗ ಡಿಗ್ರಿ ಮುಗಿಸಿ ಮನೇಲಿದ್ದಾಳೆ. ಸನ್ನೆ ಭಾಷೆ ಅವಳ ಮಾತು. ಕನ್ನಡ ಓದ್ತಾಳೆ, ಇಂಗ್ಲಿಷ್ ನನಗಿಂತ ಚೆನ್ನಾಗಿ ಓದ್ತಾಳೆ. ನಾನೂ ಅವಳೂ ಮಾತಾಡೋದು ಅರ್ಧ ಕೈಯಲ್ಲಿ, ಅರ್ಧ ವಾಟ್ಸಾಪಿನಲ್ಲಿ. ಕೈಯಲ್ಲಿ ನನಗೆ ಬರೋದು ಬಹಳ ಕಮ್ಮಿ. ಅದು ನನ್ನ ತಪ್ಪು. ಅದರ ಬಗ್ಗೆ ಕೊನೇಲಿ ಹೇಳ್ತೀನಿ.

ಹೋದ ತಿಂಗಳು ಒಂದು ರಾತ್ರಿ ಅವಳಿಂದ ಮೆಸೇಜು: "ಮಾವ, ಒಂದು ವಿಶುವಲ್ ನಾವೆಲ್ ಕಳಿಸ್ತೀನಿ. ಓದು. ಎಲ್ಲಾ ಬೇಡ. ಶಿಜುನೆ ಅನ್ನೋಳ ದಾರಿ ಹಿಡಿದು ಓದು. ಆಮೇಲೆ ಮಾತಾಡಣ."

ವಿಶುವಲ್ ನಾವೆಲ್ ಅಂದರೆ ಏನು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲ್ಲ, ನನಗೂ ಗೊತ್ತಿರಲಿಲ್ಲ. ಪರದೆ ಮೇಲೆ ಒಂದು ಜಾಗದ ಚಿತ್ರ ಇರುತ್ತೆ, ತರಗತಿಯೋ ಊಟದ ಮನೆಯೋ. ಅದರ ಮೇಲೆ ಪಾತ್ರ ಬಂದು ನಿಲ್ಲುತ್ತೆ. ಕೆಳಗೆ ಒಂದು ಡಬ್ಬಿಯೊಳಗೆ ಮಾತು ಅಕ್ಷರದಲ್ಲಿ ಬರುತ್ತೆ. ಒತ್ತುತ್ತಾ ಹೋಗೋದು, ಓದುತ್ತಾ ಹೋಗೋದು. ನಡುವೆ ಅಲ್ಲಲ್ಲಿ ಕಥೆ ನಿಂತು ನಿಮ್ಮನ್ನ ಕೇಳುತ್ತೆ: ಈಗ ಇವನು ಏನು ಮಾಡಬೇಕು? ಎರಡೋ ಮೂರೋ ಆಯ್ಕೆ. ನೀವು ಆರಿಸಿದ ಹಾಗೆ ಕಥೆಯ ದಾರಿ ಬದಲಾಗುತ್ತೆ. ಗೇಮ್ ಅಂತ ಕರೆದರೂ ಇದರಲ್ಲಿ ಗುಂಡು ಹೊಡೆಯೋದಿಲ್ಲ, ಓಡೋದಿಲ್ಲ. ಓದೋದೇ ಆಟ. ಬರಹ ಚೆನ್ನಾಗಿಲ್ಲ ಅಂದರೆ ಉಳಿಯೋದು ಏನೂ ಇಲ್ಲ.

ಅವಳು ಕಳಿಸಿದ್ದು 'ಕತಾವಾ ಶೋಜೋ'. ಜಪಾನಿ ಹೆಸರು, ಆದರೆ ಬರೆದಿದ್ದು ಇಂಗ್ಲಿಷಿನಲ್ಲಿ. ಇದರ ಹುಟ್ಟೇ ವಿಚಿತ್ರ. ರೈಟಾ ಅನ್ನೋ ಜಪಾನಿ ಚಿತ್ರಕಾರ ಯಾವಾಗಲೋ ಅಂಗವೈಕಲ್ಯ ಇರೋ ಕೆಲವು ಹುಡುಗಿಯರ ಸ್ಕೆಚ್ ಬರೆದಿದ್ದ. 2007ರಲ್ಲಿ ಆ ಚಿತ್ರ 4ಚಾನ್ ಅನ್ನೋ ತಾಣದಲ್ಲಿ ಹರಿದಾಡ್ತು. ಅಲ್ಲಿದ್ದವರೇ, ಬೇರೆ ಬೇರೆ ದೇಶದವರು, ಸಂಬಳ ಇಲ್ಲದೆ ಒಂದು ಗುಂಪು ಕಟ್ಟಿಕೊಂಡು, ಫೋರ್ ಲೀಫ್ ಸ್ಟುಡಿಯೋಸ್ ಅಂತ ಹೆಸರಿಟ್ಟುಕೊಂಡು, ಐದು ವರ್ಷ ಕೆಲಸ ಮಾಡಿ 2012ರ ಜನವರಿ 4ರಂದು ಪೂರ್ತಿ ಗೇಮನ್ನ ಬಿಟ್ಟರು. ಉಚಿತವಾಗಿ. ವಯಸ್ಕರಿಗೆ ಮಾತ್ರ ಅನ್ನೋ ದೃಶ್ಯಗಳೂ ಇವೆ, ಅವನ್ನ ಸೆಟ್ಟಿಂಗ್‌ನಲ್ಲಿ ತೆಗೆದಿಟ್ಟೂ ಓದಬಹುದು. ಪ್ರಪಂಚದಾದ್ಯಂತ ಬಹಳ ಜನ ಇದನ್ನ ಓದಿ ಅತ್ತಿದ್ದಾರೆ, ಬದುಕು ಬದಲಾಯ್ತು ಅಂತ ಬರ್ಕೊಂಡಿದ್ದಾರೆ.

ಕಥೆ ಇಷ್ಟು. ಹಿಸಾವೊ ಅನ್ನೋ ಹುಡುಗನಿಗೆ ಒಬ್ಬಳು ಹುಡುಗಿ ಪ್ರೀತಿ ಹೇಳಿಕೊಳ್ಳೋ ಹೊತ್ತಲ್ಲೇ ಹೃದಯಾಘಾತ ಆಗುತ್ತೆ. ಹೃದಯ ಬಡಿತದ ಕಾಯಿಲೆ ಇದೆ ಅಂತ ಗೊತ್ತಾಗುತ್ತೆ. ತಿಂಗಳುಗಟ್ಟಲೆ ಆಸ್ಪತ್ರೇಲಿದ್ದು, ಆಮೇಲೆ ಯಮಾಕು ಅನ್ನೋ ಶಾಲೆ ಸೇರ್ತಾನೆ. ಅಂಗವೈಕಲ್ಯ ಇರೋ ಮಕ್ಕಳಿಗಾಗಿ ಇರೋ ಶಾಲೆ. ಅಲ್ಲಿ ಐದು ಜನ ಹುಡುಗಿಯರು. ಎರಡೂ ಕಾಲಿಗೆ ಕೃತಕ ಪಾದ ಹಾಕಿಕೊಂಡು ಓಡೋ ಎಮಿ. ಕೈಗಳಿಲ್ಲದೆ ಕಾಲಲ್ಲಿ ಚಿತ್ರ ಬರೆಯೋ ರಿನ್. ಬೆಂಕಿಯಲ್ಲಿ ಬೆಂದ ಗುರುತು ಮುಖದ ಮೇಲಿರೋ ಹನಾಕೊ. ಕಣ್ಣು ಕಾಣದ ಲಿಲ್ಲಿ. ಕಿವಿ ಕೇಳದ, ಬಾಯಲ್ಲಿ ಮಾತಾಡದ ಶಿಜುನೆ. ನೀವು ಆರಿಸಿದಂತೆ ಇವರಲ್ಲಿ ಒಬ್ಬಳ ಕಥೆ ತೆರೆದುಕೊಳ್ಳುತ್ತೆ. ಒಂದೊಂದು ಕಥೆಯನ್ನ ಒಬ್ಬೊಬ್ಬ ಲೇಖಕ ಬರೆದಿದ್ದಾರೆ.

ಮೊದಲು ಹೆಸರಿನ ವಿಷಯ. 'ಕತಾವಾ' ಅನ್ನೋದು ಜಪಾನಿ ಭಾಷೆಯಲ್ಲಿ ಅಂಗವಿಕಲರನ್ನ ಹೀಯಾಳಿಸೋ ಪದ. ನಮ್ಮಲ್ಲಿ ಕುಂಟ, ಹೆಳವ, ಮೂಗ ಅಂತ ಬೈಯೋ ಹಾಗೆ. ಶೋಜೋ ಅಂದರೆ ಹುಡುಗಿ. ಇಂಥ ಪದವನ್ನ ತಲೆ ಮೇಲೆ ಹೊತ್ತುಕೊಂಡು ಬಂದ ಗೇಮ್ ಅಂಗವಿಕಲರ ಘನತೆಯ ಕಥೆ ಹೇಳುತ್ತೆ ಅಂದರೆ ನನಗೆ ಮೊದಲೇ ಹೊಟ್ಟೆಯೊಳಗೆ ಏನೋ ಮುರಿದ ಹಾಗಾಯ್ತು. ಬೈಗುಳವನ್ನ ನಾವೇ ಕೈಗೆತ್ತಿಕೊಂಡು ಅಸ್ತ್ರ ಮಾಡಿಕೊಳ್ಳೋದು ಬೇರೆ. ಬೇರೆಯವರು ಅದನ್ನ ನಮಗೆ ಹೆಸರಾಗಿ ಇಡೋದು ಬೇರೆ.

ಈ ಹೆಸರಿಡೋ ಆಟ ನಮಗೆ ಹೊಸದಲ್ಲ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಅಸ್ಪೃಶ್ಯರಿಗೆ 'ಹರಿಜನ' ಅನ್ನೋ ಹೆಸರನ್ನ ಕಾನೂನಿನ ಒಳಗೆ ತರಲು ಹೊರಟಾಗ ಬಾಬಾಸಾಹೇಬರೂ ಅವರ ಪಕ್ಷದವರೂ ಎದ್ದು ಹೊರಗೆ ನಡೆದರು. ಹೆಸರು ಸಿಹಿಯಾಗಿದ್ದರೂ ಬೇಡ, ಯಾಕಂದರೆ ನಮ್ಮನ್ನ ಕೇಳಿ ಇಟ್ಟಿದ್ದಲ್ಲ. 2015ರ ಕೊನೆಯಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅಂಗವಿಕಲರನ್ನ 'ದಿವ್ಯಾಂಗ' ಅನ್ನೋಣ ಅಂದಾಗಲೂ ಅಂಗವಿಕಲರ ಹಕ್ಕಿಗಾಗಿ ಹೋರಾಡ್ತಿದ್ದ ಬಹಳ ಜನ ಬೇಡ ಅಂದರು. ನಮಗೆ ದೈವತ್ವ ಬೇಡ, ರ‍್ಯಾಂಪ್ ಕೊಡಿ, ಕೆಲಸ ಕೊಡಿ ಅನ್ನೋದು ಅವರ ವಾದದ ಸಾರ. ಹೆಸರು ಬೈಗುಳವಾದರೂ ಅಷ್ಟೇ, ಹೂವಿನ ಹಾರವಾದರೂ ಅಷ್ಟೇ. ಕೇಳದೆ ಕೊರಳಿಗೆ ಹಾಕಿದರೆ ಅದು ಹಗ್ಗಾನೇ.

ಆದರೂ ಮನಸ್ಸು ಗಟ್ಟಿ ಮಾಡಿ ಓದೋಕೆ ಕೂತೆ. ಯಾಕಂದರೆ ಹೇಳಿದವಳು ಅವಳು.

ನ್ಯಾಯವಾಗಿ ಹೇಳ್ತೀನಿ, ಈ ಗೇಮಿನಲ್ಲಿ ಒಳ್ಳೆ ಬರಹ ಇದೆ. ಮಗು ಬೇಡ ಅಂದರೂ ನಾನು ಬೇರೆ ದಾರಿಗಳನ್ನೂ ಓದಿದೆ. ಹನಾಕೊಳ ಕಥೆ ನೋಡಿ. ಬೆಂಕಿಯಲ್ಲಿ ಅಪ್ಪ ಅಮ್ಮನನ್ನ ಕಳಕೊಂಡ ಹುಡುಗಿ, ಜನರನ್ನ ಕಂಡರೆ ಓಡಿಹೋಗ್ತಾಳೆ. ಹಿಸಾವೊಗೆ ಅವಳನ್ನ ಕಾಪಾಡಬೇಕು ಅನ್ನೋ ಆಸೆ. ಓದೋ ನಮಗೂ ಅದೇ ಆಸೆ. ಆಯ್ಕೆ ಬಂದಾಗಲೆಲ್ಲ ಅವಳ ಹಿಂದೆ ಹೋಗು, ಅವಳನ್ನ ನೋಡಿಕೋ, ಅವಳನ್ನ ರಕ್ಷಿಸು ಅಂತಾನೇ ಒತ್ತುತ್ತೀವಿ. ಹಾಗೆ ಒತ್ತಿದವರಿಗೆ ಸಿಗೋದು ಕೆಟ್ಟ ಕೊನೆ. ಅವಳು ಸಿಡಿದೇಳ್ತಾಳೆ, ನನ್ನನ್ನ ಕೈಲಾಗದವಳ ಥರ ನೋಡಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳೆ. ಒಳ್ಳೆ ಕೊನೆ ಬೇಕಾದರೆ ಅವಳನ್ನ ಅವಳ ಪಾಡಿಗೆ ಬಿಡೋದು ಕಲೀಬೇಕು. ಕರುಣೆ ಅನ್ನೋದು ಎಂಥ ಮೋಸ ಅಂತ ಆಡೋನ ಕೈಯಿಂದಲೇ ತಪ್ಪು ಮಾಡಿಸಿ ತೋರಿಸ್ತಾರೆ. ನಾನು ಕೆಟ್ಟ ಕೊನೆಗೇ ಮೊದಲು ಹೋಗಿದ್ದು. ಇಪ್ಪತ್ತು ವರ್ಷದಿಂದ ಭಾಷಣದಲ್ಲಿ "ನಮಗೆ ಅನುಕಂಪ ಬೇಡ, ಹಕ್ಕು ಕೊಡಿ" ಅಂತ ಹೇಳ್ತಿರೋನು ನಾನು! ನಾಚಿಕೆ ಆಯ್ತು. ಒಳ್ಳೆ ಬರಹ ಮಾಡಬೇಕಾದ ಕೆಲಸ ಅದು.

ಎಮಿಯ ಕಥೆಯೂ ಪರವಾಗಿಲ್ಲ. ಅವಳ ತೊಂದರೆ ಕಾಲಿನದ್ದಲ್ಲ. ಕಾರು ಅಪಘಾತದಲ್ಲಿ ಕಾಲಿನ ಜೊತೆ ಅಪ್ಪನನ್ನೂ ಕಳಕೊಂಡಿದ್ದಾಳೆ. ಮತ್ತೆ ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳಬಾರದು ಅಂತ ಬಾಗಿಲು ಹಾಕಿಕೊಂಡಿರೋದೇ ಅವಳ ತೊಂದರೆ. ಅಂದರೆ ದೇಹದ ಹಿಂದೆ ಒಬ್ಬ ಮನುಷ್ಯಳು ಇದಾಳೆ ಅಂತ ಆ ಲೇಖಕನಿಗೆ ಗೊತ್ತಿದೆ.

ಇದನ್ನೆಲ್ಲ ಮಾಡೋಕೆ ಬರುವ ಗುಂಪೇ ಶಿಜುನೆಯ ಕಥೆಯಲ್ಲಿ ಸೋತುಬಿಟ್ಟಿದೆ. ಅದಕ್ಕೇ ನನಗೆ ಬೇಜಾರು ಜಾಸ್ತಿ.

ಶಿಜುನೆ ಸಾಮಾನ್ಯ ಹುಡುಗಿಯಲ್ಲ. ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಹಟಮಾರಿ. ಎಲ್ಲದರಲ್ಲೂ ಗೆಲ್ಲಲೇಬೇಕು. ಕೆಲಸ ಮಾಡ್ತಾಳೆ, ಮಾಡಿಸ್ತಾಳೆ. ಅವಳ ಪಕ್ಕದಲ್ಲಿ ಯಾವಾಗಲೂ ಮಿಶಾ, ಗುಲಾಬಿ ಬಣ್ಣದ ಕೂದಲಿನ, ಗಟ್ಟಿಯಾಗಿ ನಗೋ ಹುಡುಗಿ. ಶಿಜುನೆ ಕೈಯಲ್ಲಿ ಹೇಳಿದ್ದನ್ನ ಮಿಶಾ ಬಾಯಲ್ಲಿ ಹೇಳ್ತಾಳೆ. ಶುರುವಿನಲ್ಲಿ ಒಂದು ಒಳ್ಳೆ ದೃಶ್ಯ ಬರುತ್ತೆ. ಮೂವರೂ ಕೂತು ರಿಸ್ಕ್ ಅನ್ನೋ ಬೋರ್ಡ್ ಗೇಮ್ ಆಡ್ತಾರೆ. ಭೂಪಟ, ಸೈನ್ಯ, ದಾಳ. ಅಲ್ಲಿ ಶಿಜುನೆಗೆ ದುಭಾಷಿ ಬೇಕಾಗಿಲ್ಲ, ದಾಳಕ್ಕೆ ಎಲ್ಲಾ ಭಾಷೆ ಗೊತ್ತು. ಅವಳ ಕಣ್ಣು, ಅವಳ ಲೆಕ್ಕಾಚಾರ, ಅವಳ ಗೆಲ್ಲೋ ಹಸಿವು ಎಲ್ಲಾ ಕಾಣುತ್ತೆ. ಆಹಾ, ಈ ಹುಡುಗಿಯ ಕಥೆ ಜೋರಾಗಿರುತ್ತೆ ಅಂತ ನಾನು ನೆಟ್ಟಗೆ ಕೂತೆ.

ಜೋರೇನೂ ಇರಲಿಲ್ಲ.

ಹಿಸಾವೊ ಸನ್ನೆ ಭಾಷೆ ಕಲೀತಾನೆ. ಅಲ್ಲಿಂದ ಅವಳ ಮಾತು ಮಿಶಾಳ ಬಾಯಿಯ ಹಂಗಿಲ್ಲದೆ ನೇರವಾಗಿ ನಮಗೆ ಸಿಗುತ್ತೆ. ಇಲ್ಲಿಂದ ಕಥೆ ಏಳಬೇಕಿತ್ತು ತಾನೇ? ಅಷ್ಟು ದಿನ ಬೇರೆಯವರ ಬಾಯಲ್ಲಿ ಬದುಕಿದ ಹುಡುಗಿಗೆ ಮೊದಲ ಸಲ ನೇರವಾಗಿ ಕೇಳೋ ಒಬ್ಬ ಸಿಕ್ಕಿದ್ದಾನೆ. ಏನು ಹೇಳ್ತಾಳೆ ಅವಳು? ಮಿಶಾ ಇಷ್ಟು ದಿನ ತನ್ನ ಮಾತನ್ನ ಸರಿಯಾಗಿ ತಲುಪಿಸಿದಳೋ ಇಲ್ಲವೋ ಅನ್ನೋ ಅನುಮಾನ ಅವಳಿಗೆ ಇತ್ತಾ? ತನ್ನ ಸಿಟ್ಟು ಇನ್ನೊಬ್ಬಳ ನಗುವಿನಲ್ಲಿ ಸುತ್ತಿ ಹೊರಗೆ ಹೋಗುವಾಗ ಅವಳಿಗೆ ಏನನ್ನಿಸ್ತಿತ್ತು? ಕಣ್ಣು ಕಾಣದ ಲಿಲ್ಲಿ ಅವಳಿಗೆ ಸಂಬಂಧಿ. ಇವಳ ಕೈ ಅವಳಿಗೆ ಕಾಣಲ್ಲ, ಅವಳ ದನಿ ಇವಳಿಗೆ ಕೇಳಲ್ಲ. ಇಬ್ಬರೂ ಮುನಿಸಿಕೊಂಡಿದ್ದಾರೆ. ಮುನಿಸಿಗೂ ಮೂರನೆಯವರು ಬೇಕು, ರಾಜಿಗೂ ಮೂರನೆಯವರು ಬೇಕು! ಇದೊಂದನ್ನೇ ಹಿಡಿದು ಬರೆದಿದ್ದರೂ ಅದ್ಭುತವಾದ ಕಥೆ ಆಗ್ತಿತ್ತು.

ಇದ್ಯಾವುದೂ ಬರಲ್ಲ. ಬರೋದು ವಿದ್ಯಾರ್ಥಿ ಸಂಘದ ಕೆಲಸ, ಪೈಪೋಟಿ, ಮತ್ತೆ ಕೆಲಸ. ಅವಳ ಮನೆಗೆ ಹೋದರೆ ಅಲ್ಲಿ ಅಬ್ಬರದ ಅಪ್ಪ. ಆ ಅಪ್ಪ ಮನುಷ್ಯನಲ್ಲ, ವ್ಯಂಗ್ಯಚಿತ್ರ. ಶಿಜುನೆ ಒಂಟಿ ಅಂತ ನಮಗೆ ಹೇಳ್ತಾರೆ, ಅವಳಿಗೆ ಜನ ಬೇಕು ಅಂತ ಹೇಳ್ತಾರೆ, ಗೆಲ್ಲೋ ಹಟವೇ ಅವಳು ಜನರನ್ನ ಮುಟ್ಟೋ ದಾರಿ ಅಂತ ಹೇಳ್ತಾರೆ. ಎಲ್ಲಾ ಹಿಸಾವೊನ ತಲೆಯೊಳಗಿಂದ ಬರೋ ವಿವರಣೆ. ಅವಳ ಕೈಯಿಂದ ಬರೋ ಮಾತು ಎಷ್ಟು? ಪುಟಗಟ್ಟಲೆ ಒತ್ತಿದರೂ ಅವಳ ಒಳಗೆ ಒಂದು ಹೆಜ್ಜೆ ಇಟ್ಟ ಹಾಗೆ ಆಗಲ್ಲ. ಮದುವೆ ಮನೇಲಿ ಚಪ್ಪರದ ಹೊರಗೆ ನಿಂತವನಿಗೆ ಒಳಗಿನ ಊಟದ ವರ್ಣನೆ ಕೇಳಿಸಿದ ಹಾಗೆ. ಆ ಹೊರಗೆ ನಿಲ್ಲೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆಯ್ಕೆಯ ವಿಷಯ. ಈ ಥರದ ಬರಹದಲ್ಲಿ ಆಯ್ಕೆಯೇ ಜೀವ. ಶುರುವಿನ ಭಾಗ ಮುಗಿದು ಶಿಜುನೆಯ ದಾರಿಗೆ ಬಿದ್ದ ಮೇಲೆ, ಇಡೀ ಕಥೆಯಲ್ಲಿ ನಮ್ಮನ್ನ ಕೇಳೋದು ಒಂದೇ ಒಂದು ಸಲ. ಆ ಒಂದು ಪ್ರಶ್ನೆ ಏನು ಗೊತ್ತಾ? ಮಿಶಾಳನ್ನ ಸಮಾಧಾನ ಮಾಡಬೇಕೋ ಬೇಡವೋ ಅಂತ.

ಇನ್ನೊಂದು ಸಲ ಓದಿ. ಶಿಜುನೆಯ ಕಥೆಯಲ್ಲಿ ನಮಗಿರೋ ಒಂದೇ ಆಯ್ಕೆ ಮಿಶಾಳ ಬಗ್ಗೆ.

ಮಿಶಾಳಿಗೂ ನೋವಿದೆ, ಸುಳ್ಳಲ್ಲ. ಅವಳು ಶಿಜುನೆಯನ್ನ ಪ್ರೀತಿಸಿದ್ದಳು, ಹೇಳಿಕೊಂಡಿದ್ದಳು, ಶಿಜುನೆ ಒಪ್ಪಲಿಲ್ಲ. ಆದರೂ ಪಕ್ಕದಲ್ಲೇ ನಿಂತು ಅವಳ ಬಾಯಿಯಾಗಿ ನಗ್ತಾ ಇದಾಳೆ. ಅದು ದೊಡ್ಡ ದುಃಖ, ನನಗೂ ಗಂಟಲು ಕಟ್ಟಿತು. ಆದರೆ ಕಥೆಯ ಎದೆ ಬಡಿತ ಪೂರ್ತಿ ಅವಳ ಕಡೆ ಹೋಗಿಬಿಡುತ್ತೆ. ದುಭಾಷಿ ಕಥಾನಾಯಕಿ ಆಗ್ತಾಳೆ, ಮಾತು ಯಾರದ್ದೋ ಅವಳು ಪಕ್ಕಕ್ಕೆ ನಿಲ್ತಾಳೆ. ಕೇಳೋ ಲೇಖಕನಿಗೆ ಕೇಳೋ ಹುಡುಗಿಯ ನೋವು ಸುಲಭವಾಗಿ ಸಿಕ್ಕಿದೆ. ಕೇಳದವಳ ಒಳಗೆ ಹೋಗೋ ದಾರಿ ಸಿಕ್ಕಿಲ್ಲ. ಸಿಗದಿದ್ದಾಗ ಹುಡುಕಬೇಕಿತ್ತು. ಹುಡುಕದೆ ಸುತ್ತು ಹಾಕಿಕೊಂಡು ಹೋಗಿದ್ದಾನೆ.

ನಾನು ಓದಿ ಮುಗಿಸಿ ಅವಳಿಗೆ ಮೆಸೇಜು ಹಾಕಿದೆ: "ಮುಗೀತು. ಚೆನ್ನಾಗಿಲ್ಲ."

ಅವಳ ಉತ್ತರ: "ನನಗೆ ಗೊತ್ತು. ಯಾಕೆ ಚೆನ್ನಾಗಿಲ್ಲ ಹೇಳು."

ಮೇಲೆ ಬರೆದಿದ್ದನ್ನೆಲ್ಲ ಉದ್ದಕ್ಕೆ ಟೈಪ್ ಮಾಡಿ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅವಳು ಬರೆದಳು: "ಇದರಲ್ಲಿ ದನಿ ಇಲ್ಲ ಮಾವ. ಯಾವ ಪಾತ್ರಕ್ಕೂ ಇಲ್ಲ. ಎಲ್ಲರ ಮಾತೂ ಅಕ್ಷರ. ಅಂದ್ರೆ ಇದರೊಳಗೆ ಎಲ್ಲರೂ ನನ್ನ ಥರಾನೇ. ಮೊದಲ ಸಲ ನಾನೂ ಅವರೂ ಒಂದೇ ಅನ್ನಿಸ್ತು. ಆದ್ರೂ ಅವಳಿಗೆ ಮಾತು ಕೊಡಲಿಲ್ಲ ಅವರು."

ನಾನು ಫೋನ್ ಕೆಳಗಿಟ್ಟು ಸುಮ್ಮನೆ ಕೂತೆ.

ಅವಳು ಹೇಳಿದ್ದು ನಿಜ. ಈ ಗೇಮಿಗೆ ಹಿನ್ನೆಲೆ ಸಂಗೀತ ಇದೆ, ಆದರೆ ಪಾತ್ರಗಳಿಗೆ ನಟರ ದನಿ ಇಲ್ಲ. ಸಿನಿಮಾದಲ್ಲಾದರೆ ಕೇಳೋರಿಗೆ ದನಿ, ಕೇಳದವರಿಗೆ ಸಬ್‌ಟೈಟಲ್. ಒಂದೇ ಚಿತ್ರಮಂದಿರದಲ್ಲಿ ಎರಡು ಪಂಕ್ತಿ. ಇಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಎಲ್ಲರಿಗೂ ಅದೇ ಅಕ್ಷರ. ಕಿವಿ ಕೇಳದವಳ ಮಾತು ಉಳಿದವರ ಮಾತಿನಷ್ಟೇ ಎತ್ತರದಲ್ಲಿ, ಅಷ್ಟೇ ಅಗಲದ ಡಬ್ಬಿಯಲ್ಲಿ ನಿಲ್ಲಬಹುದಾದ ಮಾಧ್ಯಮ ಇದು. ತಾಂತ್ರಿಕವಾಗಿ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಬರೆದವರ ತಲೆಯಲ್ಲಿ. ಹೀಗಾಗಿ ಇದನ್ನ ನಾನು ಬರೀ ಬರವಣಿಗೆ ದೋಷ ಅನ್ನಲ್ಲ. ವಾಕ್ಯ ಜೋಡಣೆ ಚೆನ್ನಾಗಿಲ್ಲ ಅಂದರೆ ತಿದ್ದಬಹುದು. ಎದುರಿಗಿರೋ ಮನುಷ್ಯಳಿಗೆ ಒಳಗೊಂದು ಲೋಕ ಇದೆ ಅಂತ ನಂಬದೆ ಇದ್ದರೆ ಏನು ತಿದ್ದೋದು?

ಈಗ ವಕಾಲತ್ತು ವಹಿಸೋರ ಮಾತು. "ಪಾಪ, ಅವರು ಹವ್ಯಾಸಿಗಳು. ಬಿಟ್ಟಿ ಕೊಟ್ಟಿದ್ದಾರೆ. ಉದ್ದೇಶ ಒಳ್ಳೇದು. ಅಂಗವಿಕಲರನ್ನ ಕಥಾನಾಯಕಿಯರನ್ನಾಗಿ ಮಾಡಿದ್ದೇ ದೊಡ್ಡದು."

ಒಂದೊಂದಾಗಿ ಹೇಳ್ತೀನಿ. ಹವ್ಯಾಸಿಗಳು ಹನಾಕೊಳ ಕಥೆಯನ್ನೂ ಬರೆದರು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಬಿಟ್ಟಿ ಕೊಟ್ಟಿದ್ದಾರೆ, ನಿಜ, ಐದು ವರ್ಷದ ಶ್ರಮಕ್ಕೆ ಗೌರವ ಇದೆ. ಆದರೆ ಬಿಟ್ಟಿ ಊಟ ಅಂತ ಉಪ್ಪಿಲ್ಲ ಅನ್ನಬಾರದು ಅನ್ನೋ ನ್ಯಾಯ ನಮಗೆ ಚೆನ್ನಾಗಿ ಗೊತ್ತಿರೋ ನ್ಯಾಯ. ಹಾಸ್ಟೆಲಿನಲ್ಲಿ ಹುಳ ಬಿದ್ದ ಅನ್ನ ತೋರಿಸಿದರೆ "ಸರ್ಕಾರದ ಅನ್ನ ತಿಂದು ಕೊಬ್ಬು ನೋಡು" ಅಂತ ಕೇಳಿಸಿಕೊಂಡೇ ಬೆಳೆದಿದೀವಿ. ಇನ್ನು ಒಳ್ಳೆ ಉದ್ದೇಶ. ಒಳ್ಳೆ ಉದ್ದೇಶದವರು ನಮ್ಮ ಬಗ್ಗೆ ಎಷ್ಟು ಕಥೆ, ಎಷ್ಟು ಸಿನಿಮಾ ಮಾಡಿದರು! ಅದರಲ್ಲಿ ನಮ್ಮವನು ಗುಡಿಸಲ ಮುಂದೆ ಕೂತು ಅಳ್ತಾನೆ, ಮೇಲ್ಜಾತಿಯ ನಾಯಕ ಬಂದು ಭಾಷಣ ಹೊಡೆದು ಉದ್ಧಾರ ಮಾಡ್ತಾನೆ. ಪೋಸ್ಟರಿನಲ್ಲಿ ನಾವು, ಕಥೆಯಲ್ಲಿ ಅವರು. ಒಳಗೆ ಸೇರಿಸಿಕೊಂಡಿದ್ದೇ ದೊಡ್ಡದು ಅಂತ ಚಪ್ಪಾಳೆ ಹೊಡೆಯೋ ಕಾಲ ಮುಗೀತು. ಸೇರಿಸಿಕೊಂಡು ಎಲ್ಲಿ ಕೂರಿಸಿದಿರಿ ಅಂತ ಕೇಳ್ತೀವಿ.

ಇಲ್ಲಿಗೆ ಪೋಸ್ಟ್ ಮುಗಿಸಿದ್ದರೆ ನನಗೆ ಆರಾಮ. ನೀವು ಲೈಕ್ ಒತ್ತಿ ಹೋಗ್ತಿದ್ರಿ. ಆದರೆ ಆ ರಾತ್ರಿ ಅವಳು ಇನ್ನೊಂದು ಮೆಸೇಜು ಹಾಕಿದಳು. "ಮಿಶಾ ಯಾರು ಗೊತ್ತಾ ಮಾವ? ನೀನೇ."

ವಿಷಯ ಹೀಗಿದೆ. ಹೋದ ವರ್ಷ ಅವಳ ಒಂದು ಪ್ರಮಾಣಪತ್ರಕ್ಕಾಗಿ ಒಂದು ಕಚೇರಿಗೆ ಹೋಗಿದ್ವಿ. ಕೌಂಟರಿನಲ್ಲಿ ಕೂತಿದ್ದವರು ಅವಳ ಕಡೆ ನೋಡದೆ ನನ್ನನ್ನ ಕೇಳಿದರು: "ಏನು ಓದಿದಾಳೆ ಇವಳು?" ನಾನು ಹೇಳಿದೆ. "ಮದುವೆ ಆಗಿದೆಯಾ?" ನಾನು ಹೇಳಿದೆ. "ಮುಂದೆ ಏನು ಮಾಡ್ತಾಳಂತೆ?" ಅದಕ್ಕೂ ನಾನೇ ಹೇಳಿದೆ, ಅವಳನ್ನ ಕೇಳದೆ. ಬಿ.ಎಡ್. ಮಾಡ್ತಾಳೆ ಅಂದೆ. ಆಮೇಲೆ ಆ ಕಚೇರಿಯವರಿಗೆ ಹಕ್ಕಿನ ಬಗ್ಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಗ್ಗೆ ಐದು ನಿಮಿಷ ಜೋರಾಗಿ ಪಾಠ ಹೇಳಿದೆ. ಅಲ್ಲಿದ್ದವರು ತಿರುಗಿ ನೋಡಿದರು. ಕೆಲಸ ಆಯ್ತು. ನನಗೆ ಹೆಮ್ಮೆ ಆಯ್ತು.

ಆ ಪೂರ್ತಿ ಹೊತ್ತು ಅವಳು ಫೋನಿನಲ್ಲಿ ಉತ್ತರ ಟೈಪ್ ಮಾಡಿ ಗಾಜಿನ ಕಡೆ ಹಿಡಿದುಕೊಂಡು ನಿಂತಿದ್ದಳಂತೆ. ನಾನು ಅಡ್ಡ ನಿಂತಿದ್ದೆ. ಬೆನ್ನು ಅವಳ ಕಡೆ. ನನಗೆ ಗೊತ್ತೇ ಆಗಲಿಲ್ಲ. ಮತ್ತೆ ಅವಳಿಗೆ ಬಿ.ಎಡ್. ಮಾಡೋ ಮನಸ್ಸೂ ಇರಲಿಲ್ಲ. ಅದು ನಮ್ಮ ಅಕ್ಕನ ಆಸೆ.

ಇದನ್ನ ಅವಳು ಒಂದು ವರ್ಷ ಹೇಳಿರಲಿಲ್ಲ. ಹೇಳೋಕೆ ಒಂದು ಕೆಟ್ಟ ಗೇಮ್ ಬೇಕಾಯ್ತು.

ಬಂಧುಗಳೇ, ಈಗ ಚಳವಳಿಯ ಮಾತು. ನಮ್ಮ ಬ್ಯಾನರುಗಳನ್ನ ನೆನಪು ಮಾಡಿಕೊಳ್ಳಿ. "ದನಿ ಇಲ್ಲದವರ ದನಿ." "ಕಿವುಡು ಸರ್ಕಾರಕ್ಕೆ ಧಿಕ್ಕಾರ." "ಕುರುಡು ಕಾನೂನು." ನಾನೂ ಕೂಗಿದೀನಿ, ನಾನೇ ಬರೆಸಿದೀನಿ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಅಂತ ಪತ್ರಿಕೆ ಶುರು ಮಾಡಿದಾಗ ಆ ಹೆಸರಿನೊಳಗೆ ಒಂದು ಜನಾಂಗದ ನೋವಿತ್ತು. ಬಾಯಿ ಇದ್ದೂ ಬಾಯಿ ಮುಚ್ಚಿಸಿಕೊಂಡವರು ತಮ್ಮ ಪತ್ರಿಕೆ ತಾವೇ ಮಾಡಿಕೊಂಡರು. ಆ ಹೆಸರನ್ನ ನಾನು ಪ್ರಶ್ನೆ ಮಾಡ್ತಿಲ್ಲ. ನಾನು ಕೇಳ್ತಿರೋದು, ನೂರು ವರ್ಷ ಆದ ಮೇಲೆ ನಮ್ಮ ಸಭೆಯ ಹಿಂದಿನ ಸಾಲಲ್ಲಿ ನಿಜವಾಗಲೂ ಕಿವಿ ಕೇಳದ ನಮ್ಮದೇ ಕೇರಿಯ ಹುಡುಗಿ ಕೂತಿರುವಾಗ, ವೇದಿಕೆಯಿಂದ 'ಕಿವುಡು ಸರ್ಕಾರ' ಅಂತ ಬೈಗುಳದ ಥರ ಕೂಗ್ತೀವಲ್ಲ, ಅದು ಅವಳಿಗೆ ಏನು ಹೇಳುತ್ತೆ? ಸರ್ಕಾರಕ್ಕೆ ಕಿವಿ ಚೆನ್ನಾಗೇ ಕೇಳುತ್ತೆ ಕಣ್ರೀ. ಕೇಳಿಸಿಕೊಂಡೂ ಮಾಡಲ್ಲ. ಅದು ಕಿವುಡಲ್ಲ, ಜಾತಿ.

ಇದು ಎಲ್ಲೋ ಒಬ್ಬಿಬ್ಬರ ವಿಷಯ ಅಂದುಕೋಬೇಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಅಂಗವಿಕಲರು. ಅದರಲ್ಲಿ ಕಿವಿಯ ತೊಂದರೆ ಇರೋರೇ ಸುಮಾರು 50 ಲಕ್ಷ. ಒಟ್ಟು ಜನಸಂಖ್ಯೆಯಲ್ಲಿ ಅಂಗವಿಕಲರ ಪ್ರಮಾಣ ಶೇ. 2.21. ಪರಿಶಿಷ್ಟ ಜಾತಿಗಳಲ್ಲಿ ಶೇ. 2.45. ಅಂದರೆ ನಮ್ಮ ಕೇರಿಗಳಲ್ಲಿ ಜಾಸ್ತಿ. ಬಡತನ, ಸರಿಯಾದ ಹೊತ್ತಿಗೆ ಸಿಗದ ಚಿಕಿತ್ಸೆ, ಮೈ ಮುರಿಯೋ ಅಪಾಯದ ಕೆಲಸ, ಇದರ ಹಿಂದೆ ಏನೇನಿರುತ್ತೆ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ನಮ್ಮ ಸಂಘಟನೆಗಳ ಪದಾಧಿಕಾರಿಗಳ ಪಟ್ಟಿಯಲ್ಲಿ ಅವರು ಎಷ್ಟು ಜನ ಇದಾರೆ? ನನ್ನ ತಾಲ್ಲೂಕಿನ ಲೆಕ್ಕ ನಾನು ಹೇಳ್ತೀನಿ. ಒಬ್ಬರೂ ಇಲ್ಲ. ನಿಮ್ಮದು ನೀವು ನೋಡಿಕೊಳ್ಳಿ.

ನಾವು ಅವರ ಪರವಾಗಿ ಮಾತಾಡ್ತೀವಿ. ಚೆನ್ನಾಗೇ ಮಾತಾಡ್ತೀವಿ. ಅದೇ ತೊಂದರೆ. ನಮ್ಮ ಪರವಾಗಿ ಮೇಲ್ಜಾತಿಯವರು ಮಾತಾಡಿದಾಗ ನಾವು ಏನಂತೀವಿ? "ಪಕ್ಕಕ್ಕೆ ಸರೀರಿ, ಮೈಕು ಕೊಡಿ" ಅಂತೀವಿ. ಅದೇ ಮಾತನ್ನ ನಮಗೆ ಇನ್ನೊಬ್ಬರು ಹೇಳಿದಾಗ ಸರಿಯೋದು ಎಷ್ಟು ಕಷ್ಟ ಅಂತ ನನಗೆ ಈಗ ಗೊತ್ತಾಗ್ತಿದೆ. ನಾನು ಒಳ್ಳೆಯವನಲ್ವಾ, ಇಷ್ಟು ಓಡಾಡಿಲ್ವಾ ಅಂತ ಒಳಗೆ ಒಂದು ದನಿ ಗೊಣಗುತ್ತೆ. ಆ ದನಿ ನನಗೆ ಚಿರಪರಿಚಿತ. ಎದುರು ಪಕ್ಷದವರ ಬಾಯಲ್ಲಿ ಬಹಳ ಸಲ ಕೇಳಿದೀನಿ.

ದೊಡ್ಡ ನಿರ್ಣಯ ಏನೂ ಮಂಡಿಸಲ್ಲ. ಮೂರು ಮಾತು ಅಷ್ಟೇ. ಒಂದು, ನಮ್ಮ ಮುಂದಿನ ಜಿಲ್ಲಾ ಸಭೆಗೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಒಬ್ಬರನ್ನ ಕರೆಸೋಣ. ಹೂವಿನ ಹಾರ, ಶಾಲು, ನೆನಪಿನ ಕಾಣಿಕೆಗೆ ಖರ್ಚು ಮಾಡೋ ದುಡ್ಡಿನಲ್ಲೇ ಆಗುತ್ತೆ. ಎರಡು, ಇಂಟರ್‌ಪ್ರಿಟರ್ ಬರೋದು ನಮ್ಮ ಭಾಷಣ ಅವರಿಗೆ ತಲುಪಿಸೋಕೆ ಮಾತ್ರ ಅಲ್ಲ, ಅವರ ಮಾತು ನಮಗೆ ತಲುಪಿಸೋಕೆ. ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರಿಗೆ ಹೊತ್ತು ಗೊತ್ತು ಮಾಡಬೇಕು. ಕೊನೇಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅಲ್ಲ. ಮೂರು, ಆ ಬ್ಯಾನರುಗಳಲ್ಲಿನ ಪದಗಳನ್ನ ಬದಲಾಯಿಸೋಣ. ಯಾವ ಪದ ಹಾಕಬೇಕು ಅಂತ ನಮ್ಮ ನಮ್ಮಲ್ಲೇ ತೀರ್ಮಾನ ಮಾಡೋದು ಬೇಡ. ಕೇಳೋಣ.

ನಾನು ಸನ್ನೆ ಭಾಷೆ ಸರಿಯಾಗಿ ಕಲಿಯೋಕೆ ಶುರು ಮಾಡಿದೀನಿ. ಹಿಸಾವೊ ಥರ ನಾಲ್ಕು ದೃಶ್ಯದಲ್ಲಿ ಕಲಿತುಬಿಡೋಕೆ ಆಗಲ್ಲ, ಬೆರಳು ಮಾತು ಕೇಳಲ್ಲ. ಅವಳು ನಗ್ತಾಳೆ. ನಾನು ಹೇಳೋಕೆ ಹೊರಟಿದ್ದು ಒಂದು, ಕೈಯಲ್ಲಿ ಬಂದದ್ದು ಇನ್ನೊಂದು. ಇಪ್ಪತ್ತು ವರ್ಷ ಮೈಕು ಹಿಡಿದೋನು ಒಂದು ವಾಕ್ಯಕ್ಕೆ ಒದ್ದಾಡ್ತಾ ಅವಳ ಮುಂದೆ ಕೂತಿರ್ತೀನಿ. ಮಾತು ಬರದೆ ಇರೋದು ಏನು ಅಂತ ಈ ವಯಸ್ಸಲ್ಲಿ ಕಲೀತಿದೀನಿ.

ಆ ಗೇಮನ್ನ ಕಟ್ಟೋಕೆ ಬಳಸಿದ್ದು ರೆನ್‌ಪೈ ಅನ್ನೋ ಸಾಫ್ಟ್‌ವೇರು. ಅದೂ ಉಚಿತ, ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಕಥೆ ಕಟ್ಟಬಹುದು. ಅವಳ ಲ್ಯಾಪ್‌ಟಾಪಿನಲ್ಲಿ ಅದು ಆಗಲೇ ಇದೆ. ಏನು ಬರೀತಿದೀಯಾ ಅಂತ ಕೇಳಿದೆ. ಹೇಳಲ್ಲ ಅಂದಳು. ಒಳ್ಳೇದು.

ಈ ಪೋಸ್ಟನ್ನ ಹಾಕೋ ಮೊದಲು ಅವಳಿಗೆ ಕಳಿಸಿದ್ದೆ. ಅವಳ ಬಾಲ್ಯದ ಬಗ್ಗೆ ನಾನು ಕಣ್ಣೀರು ಬರೋ ಹಾಗೆ ಬರೆದಿದ್ದ ಎರಡು ಪ್ಯಾರಾ ಇತ್ತು. ಎರಡನ್ನೂ ತೆಗೆಸಿದಳು. ಕಚೇರಿಯ ಘಟನೆ ಇರಲಿ ಅಂದಳು. ಈ ಗೇಮ್ ಬಗ್ಗೆ ಅವಳಿಗೆ ಇನ್ನೂ ಹೇಳೋದಿದೆಯಂತೆ, ನಾನು ಅರ್ಧ ಮಾತ್ರ ಸರಿಯಾಗಿ ಹೇಳಿದೀನಂತೆ. ಉಳಿದದ್ದನ್ನ ಅವಳೇ ಬರೀತಾಳೆ. ನನ್ನ ಗೋಡೆ ಮೇಲಲ್ಲ, ಅವಳ ಗೋಡೆ ಮೇಲೆ, ಅವಳಿಗೆ ಬೇಕೆನಿಸಿದಾಗ.

ಕಾಮೆಂಟಿನಲ್ಲಿ "ಪಾಪ", "ದೇವರು ಒಳ್ಳೇದು ಮಾಡಲಿ" ಅಂತ ಬರೆಯೋರು ದಯವಿಟ್ಟು ಬೇಡ. ಹನಾಕೊಳ ಕೆಟ್ಟ ಕೊನೆಗೆ ಹೋಗಿಬಿಡ್ತೀರಿ.

ಜೈಭೀಮ್.